ಮಲ್ಲಿಕಾಂಬ ಒಡೆದ ಹುತ್ತ

ಗೆದ್ದಲಿನ ಮೇಲೆ ನನಗೆ ಸಿಟ್ಟಿಲ್ಲ. ಮರ ತಿನ್ನುವುದು ಅದರ ಕಸುಬು. ಹೇಳಿ ಕೇಳಿ ಹುಳು, ಅದಕ್ಕೇನು ಗೊತ್ತು? ನನಗೆ ಸಿಟ್ಟಿರುವುದು ಕಡೂರಿನ ಹೊಸ ಬಡಾವಣೆಯ ಜನರ ಮೇಲೆ. ಅವರಲ್ಲಿ ಎಷ್ಟೋ ಮಂದಿ ಈಗ ಇಲ್ಲ, ನನ್ನ ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ. ಮಲ್ಲಿಕಾಂಬನವರ ವಿಷಯ ಬರೆಯಬೇಕೆಂದು ಕೂತರೆ ಮೊದಲು ನುಗ್ಗಿ ಬರುವುದು ಅದೇ. ಆದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ.

ನಾನು ಪುಟ್ಟಯ್ಯ, ಹಿರೇನಲ್ಲೂರಿನ ಕಡೆಯ ಕೇರಿಯವನು. ಎಪ್ಪತ್ತರ ದಶಕದಲ್ಲಿ ಮಲೇರಿಯಾ ಕೆಲಸಕ್ಕೆ ಸೇರಿಕೊಂಡೆ. ಹದಿನೈದು ದಿನಕ್ಕೊಮ್ಮೆ ಮನೆಮನೆ ತಿರುಗಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳುವುದು, ಬಂದಿದ್ದರೆ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತದ ಹನಿ ತೆಗೆದುಕೊಳ್ಳುವುದು, ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆದು ಮುಂದಿನ ಮನೆಗೆ ಹೋಗುವುದು, ಇಷ್ಟು ನನ್ನ ಕೆಲಸ. ಡಿಡಿಟಿ ಹೊಡೆಯುವ ತಂಡ ಬಂದಾಗ ಅವರ ಜೊತೆಗೂ ಹೋಗಬೇಕಿತ್ತು. ಆ ದಿನ ಬಡಾವಣೆಯ ಮನೆಮನೆಯಲ್ಲೂ ಒಂದೇ ಮಾತು. "ಹೊರಗಿನ ಗೋಡೆಗೆ ಹೊಡ್ಕೊಂಡು ಹೋಗ್ರಪ್ಪಾ. ಒಳಗೆ ಬ್ಯಾಡ. ಅಡುಗೆಮನೆ ಐತೆ, ದೇವರಮನೆ ಐತೆ." ಸೊಳ್ಳೆ ದೇವರಮನೆಯ ತನಕ ಹೋಗಬಹುದು, ನಾವು ಹೋಗಬಾರದು. ಸೊಳ್ಳೆಯ ಜಾತಿ ಯಾವುದೆಂದು ಯಾರೂ ಕೇಳಿರಲಿಲ್ಲ.

ಮಲ್ಲಿಕಾಂಬನವರೂ ಹಾಗೆ ಹೇಳಿದವರೇ. ಅವರನ್ನು ದೇವತೆ ಮಾಡುವುದಕ್ಕೆ ನಾನು ಬರೆಯುತ್ತಿಲ್ಲ. ಮೊದಮೊದಲು ನೀರು ಕೇಳಿದರೆ ಅವರೂ ಜಗಲಿಯ ಕೆಳಗೆ ನಿಲ್ಲಿಸಿ ಮೇಲಿನಿಂದಲೇ ಬೊಗಸೆಗೆ ಹೊಯ್ದವರು.

ಅವರ ತವರು ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ. ಕೊಟ್ಟದ್ದು ಯಗಟಿಯ ದೊಡ್ಡ ಸಂಸಾರಕ್ಕೆ. ಗಂಡ ಓಂಕಾರಮೂರ್ತಿ ಕಡೂರಿನಲ್ಲಿ ಗುಮಾಸ್ತ. ಮದುವೆಯಾದ ಮೇಲೆ ಎಷ್ಟೋ ವರ್ಷ ಪೇಟೆಯ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದರು. ಆ ವಠಾರದ ತಿಗಣೆಯ ಸುದ್ದಿಯನ್ನು ಮಲ್ಲಿಕಾಂಬ ಹಲ್ಲು ಕಡಿದುಕೊಂಡೇ ಹೇಳುತ್ತಿದ್ದರು. ಮಂಚಕ್ಕೆ ಕುದಿಯುವ ನೀರು ಹೊಯ್ದು ಇವರ ತಿಗಣೆ ಸಾಯಿಸಿದರೆ, ಪಕ್ಕದ ಮನೆಯ ತಿಗಣೆ ಗೋಡೆ ಹತ್ತಿ ಬರುತ್ತಿತ್ತಂತೆ. "ನಂದೇ ಒಂದು ಮನೆ ಆಗ್ಲಿ, ಒಂದು ಹುಳ ಒಳಗೆ ಬರೋದಕ್ಕೆ ಬಿಡಲ್ಲ" ಎಂದು ಅವರು ಶಪಥ ಮಾಡಿದ್ದು ಆ ಮಂಚದ ಮೇಲೆ ಕೂತು.

ಮನೆ ಆಯಿತು. ಸರ್ಕಾರಿ ನೌಕರರು, ಮಂಡಿ ವ್ಯಾಪಾರಿಗಳು ಸೈಟು ತೆಗೆದುಕೊಂಡು ಊರ ಹೊರಗೆ ಕಟ್ಟಿಕೊಂಡ ಬಡಾವಣೆ ಅದು. ಇವರ ಮನೆಯ ಮರವೆಲ್ಲ ಮಲ್ಲಿಕಾಂಬನವರ ಅಪ್ಪ ತೀರ್ಥಪ್ಪ ಕೊಟ್ಟದ್ದು. ಹಿತ್ತಲಿನ ಹಲಸು ಕಡಿಸಿ ಬಾಗಿಲು, ಕಿಟಕಿ, ಚೌಕಟ್ಟು. ಗದ್ದೆಯಂಚಿನ ಮಾವು ಕಡಿಸಿ ತೊಲೆ, ಪಕಾಸಿ. ಎಲ್ಲವನ್ನೂ ತರೀಕೆರೆಯ ಸಾಮಿಲ್ಲಿನಲ್ಲಿ ಕೊಯ್ಯಿಸಿ, ಲಾರಿಗೆ ಹೇರಿಸಿ, ತಾವೇ ಅದರ ಮೇಲೆ ಕೂತು ತಂದರಂತೆ. ಗೃಹಪ್ರವೇಶ ಮುಗಿದ ಕೆಲವೇ ತಿಂಗಳಲ್ಲಿ ಆ ಮನುಷ್ಯ ತೀರಿಕೊಂಡ. ಅಣ್ಣಂದಿರು ಆಸ್ತಿ ಹಂಚಿಕೊಂಡಾಗ ಹೆಣ್ಣುಮಗಳನ್ನು ಕರೆದೂ ಕೇಳಲಿಲ್ಲ. ಅಪ್ಪನ ಕಡೆಯಿಂದ ಅವರಿಗೆ ದಕ್ಕಿದ್ದು ತಲೆಯ ಮೇಲಿನ ಆ ತೊಲೆಗಳು ಅಷ್ಟೇ.

ಆ ಮನೆಯನ್ನು ಅವರು ಇಟ್ಟುಕೊಂಡಿದ್ದ ರೀತಿ ನೋಡಬೇಕಿತ್ತು. ನಾನು ದಿನಕ್ಕೆ ನೂರಾರು ಮನೆಯ ಬಾಗಿಲು ನೋಡುವವನು, ಹೊರಗಿನಿಂದಲೇ ಹೇಳಬಲ್ಲೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡುತ್ತಿದ್ದರು, ಬೇಳೆಗೆ ಹರಳೆಣ್ಣೆ ಸವರುತ್ತಿದ್ದರು, ರಾಗಿಯ ವಾಡೆಗೆ ಲಕ್ಕಿಸೊಪ್ಪು, ಬೇವಿನಸೊಪ್ಪು. ಸಕ್ಕರೆ ಡಬ್ಬಿ ನೀರಿನ ತಟ್ಟೆಯಲ್ಲಿ ನಿಂತಿರಬೇಕು. ಬಚ್ಚಲ ಮೋರಿಗೆ ಸುಣ್ಣ. ಇಲಿ ಬೋನಿಗೆ ದಿನಾ ಕಾಯಿಚೂರು. ಜಿರಳೆಯೊಂದು ಕಂಡರೆ ಮನೆಮಂದಿಯೆಲ್ಲ ಕೆಲಸ ಬಿಟ್ಟು ಅದನ್ನು ಹುಡುಕಬೇಕು. ಗಂಡ ಹಾಸ್ಯ ಮಾಡುತ್ತಿದ್ದ, "ನಮ್ಮನೆಗೆ ಬರೋಕೆ ಇರುವೆಗೂ ಅಪ್ಪಣೆ ಚೀಟಿ ಬೇಕು ಕಣಯ್ಯ ಪುಟ್ಟಯ್ಯ."

ಇಷ್ಟೆಲ್ಲ ಕಟ್ಟುನಿಟ್ಟು ಇದ್ದ ಹೆಂಗಸು ಮಾಡಿದ ತಪ್ಪು ನೋಡಿ. ಸೈಟಿನ ಹಿಂದಿನ ಮೂಲೆಯ ಗಡಿಯಾಚೆಗೆ ತಾಗಿಕೊಂಡು ಎದೆಮಟ್ಟದ ಹುತ್ತವೊಂದಿತ್ತು. ಗಾರೆಯ ಹನುಮಂತಪ್ಪ ಪಾಯ ತೆಗೆಯುವಾಗಲೇ, "ಇದನ್ನ ಕಿತ್ತು ಹಾಕ್ಬುಡಣ, ಇಲ್ಲಾಂದ್ರೆ ಮನೆ ಒಳಗೆ ಬತ್ತದೆ" ಅಂದನಂತೆ. ಮಲ್ಲಿಕಾಂಬ ಅವನನ್ನು ಗದರಿಸಿದರು. ನಾಗಪ್ಪನ ಜಾಗ ಕೀಳುತ್ತಾರೆಯೇ? ಅಷ್ಟೇ ಆಗಿದ್ದರೆ ಹುತ್ತ ಹೊರಗಿರುತ್ತಿತ್ತೇನೋ. ಅವರು ಹಟ ಹಿಡಿದು ಕಾಂಪೌಂಡಿನ ಗೋಡೆಯನ್ನು ಒಂದಿಷ್ಟು ಆಚೆಗೆ ಸರಿಸಿ, ಹುತ್ತ ತಮ್ಮ ಹಿತ್ತಲಿನೊಳಗೇ ಬರುವ ಹಾಗೆ ಕಟ್ಟಿಸಿದರು. ಹಿತ್ತಲಿನಲ್ಲೇ ಹುತ್ತವಿದ್ದರೆ ನಾಗರ ಪಂಚಮಿಗೆ ಬಡಾವಣೆಯ ಹೆಂಗಸರೆಲ್ಲ ಇವರ ಮನೆಗೇ ಬರಬೇಕಲ್ಲ, ಆ ಆಸೆ. ಬಂದವರು ಕೂರಲೆಂದು ಹಜಾರವನ್ನೂ ದೊಡ್ಡದಾಗಿ ಹಾಕಿಸಿದರು. ವಠಾರದ ಒಂದು ಕೋಣೆಯಲ್ಲಿ ಯಾರನ್ನೂ ಕರೆಯಲಾಗದೆ ಬದುಕಿದವರ ಆಸೆ ಅದು. ನನಗೆ ಅದರ ಮೇಲೆ ಸಿಟ್ಟಿಲ್ಲ.

ಹೆಂಗಸರು ಬಂದರು. ಪಂಚಮಿಯ ದಿನ ಬೆಳಗಿನಿಂದ ಸಾಲು. ಹಸಿ ಹಾಲು, ಚಿಗಳಿ, ತಂಬಿಟ್ಟು, ನೆನೆಗಡಲೆ. ತನಿ ಎರೆದು, ಹಜಾರದಲ್ಲಿ ಕೂತು, ಮಲ್ಲಿಕಾಂಬನವರ ಕೈಯಿಂದ ಅರಿಶಿನ ಕುಂಕುಮ ತೆಗೆದುಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು. ಎಲ್ಲರಿಗೂ ಮುಂದೆ ವಿಶಾಲಾಕ್ಷಮ್ಮ. ಅಜ್ಜಂಪುರದ ಹೆಣ್ಣು, ಕೊಬ್ಬರಿ ಮಂಡಿಯ ಜಯದೇವಪ್ಪನವರ ಹೆಂಡತಿ. ಹಿಂದಿನ ಸಾಲಿನಲ್ಲಿ ಅವರದು ಮಹಡಿಮನೆ. ಯಾರ ಮನೆಯ ಸೀಮಂತಕ್ಕೆ ಯಾರನ್ನು ಕರೆಯಬೇಕು, ಯಾರಿಗೆ ಮೊದಲು ಆರತಿ, ಎಲ್ಲ ಅವರೇ ಗೊತ್ತುಮಾಡುತ್ತಿದ್ದರು. ಆಕೆ ಎಲ್ಲರ ಎದುರು, "ನಮ್ಮ ಮಲ್ಲಿಕಾಂಬನ ಮನೆ ಅಂದ್ರೆ ದೇವಸ್ಥಾನ ಕಣ್ರೇ" ಅಂದಿದ್ದರು. ಆ ಮಾತನ್ನು ಮಲ್ಲಿಕಾಂಬ ನನಗೂ ಹೇಳಿದ್ದರು, ಜಗಲಿಯ ಮೇಲೆ ನಿಂತು, ನಾನು ಕೆಳಗೆ ನಿಂತಿದ್ದಾಗ.

ವರ್ಷಕ್ಕೊಂದು ದಿನ ಹುತ್ತಕ್ಕೆ ಹಾಲು, ತಂಬಿಟ್ಟು. ಉಳಿದ ದಿನ ಅದು ಏನು ತಿನ್ನಬೇಕು? ಮನೆಯನ್ನು ತಿಂದಿತು.

ಮೊದಲು ಕಂಡದ್ದು ಅಡುಗೆಮನೆಯ ಗೋಡೆಯ ಮೇಲೆ ಒಂದು ಮಣ್ಣಿನ ಗೆರೆ. ಉಗುರಿನಿಂದ ಕೆರೆದರೆ ಒಳಗೆ ಬಿಳಿ ಹುಳುಗಳ ಓಡಾಟ. ಒರೆಸಿದರು. ಮಾರನೆಯ ವಾರ ಅದೇ ಗೆರೆ ಕಿಟಕಿಯ ಚೌಕಟ್ಟಿನ ತನಕ. ಆಮೇಲೆ ಅವರು ಪಟ್ಟ ಪಾಡು ನಾನು ಹದಿನೈದು ದಿನಕ್ಕೊಮ್ಮೆ ಕಣ್ಣಾರೆ ಕಂಡಿದ್ದೇನೆ. ಸೀಮೆಎಣ್ಣೆ ಹೊಯ್ದರು. ಹೊಗೆಸೊಪ್ಪು ಕುದಿಸಿದ ನೀರು ಹೊಯ್ದರು. ಇಂಗು, ಉಪ್ಪು, ಸುಣ್ಣ, ಬೇವಿನೆಣ್ಣೆ. ತೊಲೆಯ ತುದಿಗಳಿಗೆ ಡಾಂಬರು ಬಳಿಸಿದರು. ಟ್ರಂಕುಗಳನ್ನು ಕಲ್ಲಿನ ಮೇಲೆ ಏರಿಸಿಟ್ಟರು. ನನ್ನನ್ನೂ ಕೇಳಿದರು, "ನಿಮ್ಮ ಡಿಡಿಟಿಗೆ ಇದು ಸಾಯಲ್ವಾ ಪುಟ್ಟಯ್ಯ?" ನಮ್ಮದು ಗೋಡೆಯ ಮೇಲೆ ಕೂರುವ ಸೊಳ್ಳೆಗೆ, ನೆಲದೊಳಗಿನಿಂದ ಬರುವುದಕ್ಕೆ ಅದು ಸಾಲದು ಎಂದೆ. ಗೊತ್ತಿದ್ದದ್ದು ಅಷ್ಟೇ.

ಒಂದು ದಿನ ಬಾಗಿಲಿಗೆ ಹೋದಾಗ ಅವರು ಹಜಾರದ ಮಧ್ಯೆ ಕುರ್ಚಿ ಹತ್ತಿ ನಿಂತು, ಲಟ್ಟಣಿಗೆಯಿಂದ ತೊಲೆಗೆ ಬಡಿಯುತ್ತಿದ್ದರು. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಟೊಳ್ಳು. ಲಟ್ಟಣಿಗೆಯ ತುದಿ ಒತ್ತಿದರೆ ತೊಲೆಯೊಳಕ್ಕೆ ಹೋಯಿತು, ಪುಡಿ ಸುರಿಯಿತು. ಅವರು ಕುರ್ಚಿಯಿಂದ ಇಳಿದು ಆ ಪುಡಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಕೂತರು.

"ನಮ್ಮಪ್ಪನ ಮರ ಪುಟ್ಟಯ್ಯ" ಅಂದರು. "ನಮ್ಮಪ್ಪನ್ನೇ ತಿಂತಾ ಐತೆ ಇದು."

ಹುತ್ತ ತೆಗೆಯದೆ ಇದು ನಿಲ್ಲುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಇವರ ಮನೆ ಮಾತ್ರವಲ್ಲ, ಅಕ್ಕಪಕ್ಕದ ಮನೆಗಳ ಕಿಟಕಿಗೂ ಗೆದ್ದಲು ಹತ್ತಿತ್ತು. ಬಡಾವಣೆಯ ಗಂಡಸರು ಸಂಜೆ ರಸ್ತೆಯಲ್ಲಿ ನಿಂತು, "ಯಾರಾದ್ರೂ ಅದನ್ನ ತೆಗೆಸ್ಬೇಕು ಕಣ್ರೀ" ಅನ್ನುತ್ತಿದ್ದರು. ವಿಶಾಲಾಕ್ಷಮ್ಮ ಕೂಡ, "ಯಾರಾದ್ರೂ ಒಡೆದ್ರೆ ಒಳ್ಳೇದಿತ್ತು ಕಣೇ. ಆದ್ರೆ ಮುಟ್ಟಿದೋರ ವಂಶಕ್ಕೆ ದೋಷ" ಅಂದರಂತೆ. ಈ ಯಾರಾದರೂ ಎನ್ನುವವನು ಆ ಬಡಾವಣೆಯಲ್ಲಿ ಮನೆ ಮಾಡಿರಲಿಲ್ಲ. ಓಂಕಾರಮೂರ್ತಿ ಹನುಮಂತಪ್ಪನನ್ನು ಕೇಳಿದ. ಅವತ್ತು ಗದರಿಸಿಕೊಂಡಿದ್ದ ಹನುಮಂತಪ್ಪ, "ಅವಾಗಿದ್ರೆ ಬರೀ ಮಣ್ಣು ಸಾಮಿ. ಇವಾಗ ಪೂಜೆ ತಿಂದೈತೆ, ನಾನು ಮುಟ್ಟಲ್ಲ" ಅಂದುಬಿಟ್ಟ.

ಆಮೇಲೆ ಓಂಕಾರಮೂರ್ತಿಗೆ ನನ್ನ ನೆನಪಾಯಿತು.

ನಾನು ಗೋಡೆಗೆ ತಾರೀಖು ಬರೆಯುತ್ತಿದ್ದೆ. ಆತ ಹತ್ತಿರ ಬಂದು, ಎಂದೂ ಇಲ್ಲದ ಅಕ್ಕರೆಯಿಂದ ಹೆಗಲ ಹತ್ತಿರ ಕೈ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

"ಏನಪ್ಪಾ ಪುಟ್ಟಯ್ಯ, ಒಂದು ಕೆಲ್ಸ ಮಾಡ್ಕೊಡ್ತೀಯಾ? ಆ ಹುತ್ತ ಒಂದು ಒಡೆದುಬಿಡು. ನಿಮ್ಮೋರಿಗೆ ದೋಷ ಗೀಷ ಏನೂ ತಟ್ಟಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮಪ್ಪನೂ ಹುತ್ತಕ್ಕೆ ಕೈಮುಗಿದವನೇ. ನಮ್ಮವ್ವ ಪಂಚಮಿಯ ದಿನ ಬರಿಗಾಲಲ್ಲಿ ಹೊಲದ ಬದುವಿಗೆ ಹೋಗಿ ಹಾಲು ಎರೆದು ಬರುತ್ತಿದ್ದಳು. ಇವರ ದೇವರಮನೆಗೆ ಕಾಲಿಡಲು ಯೋಗ್ಯನಲ್ಲದವನು, ಇವರ ಪಾಪ ಹೊರಲು ಮಾತ್ರ ಯೋಗ್ಯ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದ್ದರೆ ನನ್ನ ನೌಕರಿ ಹೋಗುತ್ತಿತ್ತು. ಇಷ್ಟು ಮಾತ್ರ ಹೇಳಿದೆ.

"ನಮ್ಮನೇಲೂ ಹೆಂಡ್ರು ಮಕ್ಳು ಅವ್ರೆ ಸಾಮಿ. ನಮ್ಗೆ ತಟ್ಟಲ್ಲ ಅಂತ ನಿಮ್ಗೆ ಹೇಳ್ದೋರು ಯಾರು? ನಾಗಪ್ಪನೇ ಬಂದು ಹೇಳಿದ್ನಾ?"

ಆತ ಪೆಚ್ಚಾಗಿ ನಕ್ಕ. ಕಿಟಕಿಯ ಒಳಗೆ ಬಳೆಯ ಸದ್ದಾಯಿತು. ಮಲ್ಲಿಕಾಂಬ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

ಮುಂದಿನ ಸರದಿಗೆ ನಾನು ಹೋದಾಗ ಬೆಳಗಿನ ಹೊತ್ತು. ಗಂಡ ಕಚೇರಿಗೆ, ಮಗಳು ಪಂಕಜಾಕ್ಷಿ ಶಾಲೆಗೆ ಹೋಗಿದ್ದರು. ಕರೆದರೆ ಯಾರೂ ಓಗೊಡಲಿಲ್ಲ. ಹಿತ್ತಲಿನ ಕಡೆಯಿಂದ ದಪ್ ದಪ್ ಎನ್ನುವ ಸದ್ದು. ಸುತ್ತಿ ಹೋಗಿ ಗೋಡೆಯ ಮೇಲಿನಿಂದ ನೋಡಿದೆ. ಮಲ್ಲಿಕಾಂಬ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾರೆ ಎತ್ತಿ ಹುತ್ತಕ್ಕೆ ಹಾಕುತ್ತಿದ್ದರು. ಮೇಲಿನ ಗೋಪುರ ಆಗಲೇ ಬಿದ್ದಿತ್ತು. ಮುಖ, ತೋಳು, ಕೂದಲು ಎಲ್ಲ ಕೆಂಪು ಮಣ್ಣು. ಅಳುತ್ತಿದ್ದರು, ಬಯ್ಯುತ್ತಿದ್ದರು, ಅಗೆಯುತ್ತಿದ್ದರು. ಅವರಿಗೆ ಭಯವಿರಲಿಲ್ಲ ಎಂದು ಯಾರೂ ತಿಳಿಯಬೇಡಿ. ಹುತ್ತದ ಮುಂದೆ ಕರ್ಪೂರ ಹಚ್ಚಿದ ಕರಿ ಇನ್ನೂ ಹೊಸದಾಗಿತ್ತು. ಕೈಮುಗಿದು, ತಪ್ಪಾಯಿತು ಎಂದು ಬೇಡಿಕೊಂಡೇ ಶುರು ಮಾಡಿದ್ದರು.

ನನಗೆ ನೋಡಲಾಗಲಿಲ್ಲ. ಗೋಡೆ ಹಾರಿ, "ಕೊಡಿ ಅಮ್ಮಾ ಇತ್ಲಾಗೆ" ಎಂದು ಹಾರೆಗೆ ಕೈ ಚಾಚಿದೆ. ಕೇಳಿದಾಗ ಮಾಡೆನೆಂದವನು ಕೇಳದೆ ಇದ್ದಾಗ ಯಾಕೆ ಹೋದೆನೋ ಗೊತ್ತಿಲ್ಲ.

"ಮುಟ್ಬೇಡ!" ಎಂದು ಅರಚಿದರು. ಮಡಿಗಾಗಿ ಅನ್ನುತ್ತಿದ್ದಾರೆ ಎಂದುಕೊಂಡು ನಾನು ಕೆರಳಿದೆ. ಅವರು ಉಸಿರು ಎಳೆದುಕೊಂಡು ಮುಂದುವರಿಸಿದರು, "ನೀನು ಮುಟ್ಟಿದ್ರೆ ನಾಳೆ ಎಲ್ಲಾನೂ ನಿನ್ನ ಮೇಲೆ ಹಾಕ್ತಾರೆ ಪುಟ್ಟಯ್ಯ. ಈ ಜನ ನಂಗೆ ಗೊತ್ತು. ಪೂಜೆ ಮಾಡ್ದೋಳೂ ನಾನೇ, ಒಡೆಯೋಳೂ ನಾನೇ. ನೀನು ಆಚೆ ಹೋಗಿ ನಿಂತ್ಕೋ."

ಆಚೆ ಹೋಗಿ ನಿಂತೆ. ಅವರು ಸೊಂಟದ ಮಟ್ಟ ಅಗೆದರು. ಹಾವು ಬರಲಿಲ್ಲ. ಹಾವಿನ ಮರಿಯೂ ಇರಲಿಲ್ಲ. ಕೊನೆಗೆ ಗಟ್ಟಿ ಮಣ್ಣಿನ ಒಂದು ಉಂಡೆ ಸಿಕ್ಕಿತು. ಒಡೆದರೆ ಒಳಗೆ ಹೆಬ್ಬೆರಳಿನ ಗಾತ್ರದ, ಬೆಳ್ಳಗೆ ಊದಿಕೊಂಡ ಗೆದ್ದಲಿನ ರಾಣಿ. ಅವರು ಅದನ್ನು ಕಲ್ಲಿನ ಮೇಲೆ ಇಟ್ಟು, "ಇಷ್ಟಕ್ಕಾ ನಾನು ಹಾಲು ಎರೆದಿದ್ದು?" ಅಂದರು. ಗುಂಡಿಗೆ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟರು.

ಹೊಗೆ ನೋಡಿ ಹೆಂಗಸರು ಬಂದರು. ವಿಶಾಲಾಕ್ಷಮ್ಮ ಗೋಡೆಯಾಚೆಯಿಂದಲೇ ಎದೆ ಬಡಿದುಕೊಂಡರು. "ಅಯ್ಯಯ್ಯೋ, ಎಂಥ ಕೆಲ್ಸ ಮಾಡ್ಬಿಟ್ಟೆ ಮಲ್ಲಿಕಾಂಬ! ಗಂಡ, ಮಗು ಇರೋ ಮನೆ ಕಣೇ!"

"ಮನೆ ನಿಂತಿದ್ರೆ ತಾನೆ ಅಕ್ಕಾ, ಗಂಡ ಮಗು ಇರೋದು?"

ಮನೆ ನಿಂತಿತು. ತೊಲೆಗಳಲ್ಲಿ ಎರಡನ್ನು ಬದಲಾಯಿಸಬೇಕಾಯಿತು, ಉಳಿದವು ಉಳಿದುಕೊಂಡವು. ಅಕ್ಕಪಕ್ಕದ ಮನೆಗಳ ಕಿಟಕಿಗಳೂ ಉಳಿದುಕೊಂಡವು. ಅದಕ್ಕೆ ಬಡಾವಣೆಯವರು ಕೊಟ್ಟ ಮರ್ಯಾದೆ ಕೇಳಿ.

ಯಾರೂ ಬಾಯಿಬಿಟ್ಟು ಬರಬೇಡ ಅನ್ನಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಗೌರಿ ಹಬ್ಬದ ಬಾಗಿನ ಇವರ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಿತ್ತು. ಬಸುರಿ ಹೆಂಗಸರು ಇವರ ಬಾಗಿಲ ಮುಂದೆ ಬರುವಾಗ ರಸ್ತೆಯ ಆ ಬದಿಗೆ ಸರಿಯುತ್ತಿದ್ದರು. ಬಡಾವಣೆಯಲ್ಲಿ ಎಲ್ಲಿ ಹಾವು ಕಂಡರೂ ಅದು ಮಲ್ಲಿಕಾಂಬ ಓಡಿಸಿದ ಹಾವು. ಯಾರದೋ ಎಮ್ಮೆ ಬತ್ತಿದ್ದಕ್ಕೆ ಹುತ್ತ ಕಾರಣ. ಯಾರದೋ ಮಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದದ್ದಕ್ಕೂ ಹುತ್ತ ಕಾರಣ. ಆ ಹುಡುಗ ವರ್ಷವಿಡೀ ಟೆಂಟ್ ಸಿನಿಮಾದಲ್ಲಿ ಕೂತಿದ್ದನ್ನು ನಾನೇ ಕಂಡಿದ್ದೆ. ಮರುವರ್ಷ ಓಂಕಾರಮೂರ್ತಿಗೆ ಸೊಂಟದ ಸುತ್ತ ಸರ್ಪಸುತ್ತು ಎದ್ದಾಗ ಇಡೀ ಬಡಾವಣೆ ಹಬ್ಬ ಮಾಡಿತು. ನೋಡಿದಿರಾ, ನಾಗಪ್ಪ ಬಂದು ಸುತ್ತಿಕೊಂಡ! ನಮ್ಮ ಮೇಲಧಿಕಾರಿಗೂ ಅದೇ ವರ್ಷ ಅದೇ ಕಾಯಿಲೆ ಬಂದಿತ್ತು. ಆತ ಜೀವಮಾನದಲ್ಲಿ ಹಾರೆ ಮುಟ್ಟಿದವನಲ್ಲ.

ಗಂಡ ಹೆದರಿ ಎಲ್ಲಿಗೋ ಹೋಗಿ ಶಾಂತಿ ಮಾಡಿಸಿಕೊಂಡು ಬಂದ. "ಇವಳು ನನ್ನ ಕೇಳದೆ ಮಾಡಿದ್ದು" ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದ. ನನ್ನ ಹೆಗಲ ಹತ್ತಿರ ಕೈ ತಂದಿದ್ದ ಅದೇ ಮನುಷ್ಯ. ಅವನ ಗೋಡೆಗೆ ತಾರೀಖು ಬರೆಯುವಾಗಲೆಲ್ಲ ಸೀಮೆಸುಣ್ಣ ಮುರಿಯುವಷ್ಟು ಒತ್ತುತ್ತಿದ್ದೆ.

ಮಲ್ಲಿಕಾಂಬ ಮಾತ್ರ ಶುಕ್ರವಾರ ಶುಕ್ರವಾರ ಹಜಾರ ಸಾರಿಸಿ, ಚಾಪೆ ಹಾಸಿ, ಕುಂಕುಮದ ಬಟ್ಟಲು ಇಟ್ಟುಕೊಂಡು ಕೂರುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಒಮ್ಮೆ ಸುತ್ತಲೂ ನೋಡಿ, "ಇಷ್ಟು ದೊಡ್ಡ ಹಜಾರ ಯಾಕಾದ್ರೂ ಕಟ್ಟಿಸಿದ್ನೋ" ಅಂದರು. ಮನೆಯನ್ನು ಉಳಿಸಿಕೊಂಡಿದ್ದರು, ಆದರೆ ಮನೆ ಯಾರಿಗಾಗಿ ಬೇಕಿತ್ತೋ ಅವರು ಹೊಸಿಲು ತುಳಿಯುತ್ತಿರಲಿಲ್ಲ.

ಆ ವರ್ಷ ಡಿಡಿಟಿ ಹೊಡೆಯಲು ಹೋದಾಗ ಅವರು ಬಾಗಿಲು ಪೂರ್ತಿ ತೆರೆದು, "ಒಳಗೆ ಬನ್ನಿ. ಅಡುಗೆಮನೆಗೂ ಹೊಡೀರಿ, ದೇವರಮನೆಗೂ ಹೊಡೀರಿ" ಅಂದರು. ಕೆಲಸ ಮುಗಿದ ಮೇಲೆ ನನ್ನೊಬ್ಬನನ್ನು ನಿಲ್ಲಿಸಿ, ಹಜಾರದಲ್ಲಿ ಕೂತು ಕಾಫಿ ಕುಡಿದು ಹೋಗು ಎಂದರು. ನನಗೆ ಸಂತೋಷವಾಯಿತೋ ಸಿಟ್ಟು ಬಂತೋ ಹೇಳಲಾರೆ. ಎರಡೂ ಬಂದವು. ಸಿಟ್ಟೇ ಬಾಯಿಗೆ ಮೊದಲು ಬಂತು.

"ಎಲ್ರೂ ಬತ್ತಿದ್ದಾಗ ನೀವು ನನ್ನ ಕರೀಲಿಲ್ಲ ಅಮ್ಮಾ."

ಅವರು ತಪ್ಪಿಸಿಕೊಳ್ಳುವ ಮಾತಾಡಲಿಲ್ಲ. "ಹೌದು, ಕರೀಲಿಲ್ಲ" ಅಂದರು. "ಈಗ ಕರೀತಿದೀನಿ. ಬರೋ ಹಾಗಿದ್ರೆ ಬಾ, ಇಲ್ಲಾಂದ್ರೆ ನಾನೇನೂ ಅನ್ಕೊಳಲ್ಲ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಅಂದಿನಿಂದ ನನ್ನ ಸರದಿಯ ದಿನ ಆ ಹಜಾರದ ಬೆಂಚಿನ ಮೇಲೆ ನನಗೊಂದು ಲೋಟ ಕಾಫಿ. ಮನೆಯವರು ಕುಡಿಯುವ ಲೋಟದಲ್ಲೇ.

ಇತ್ತ ಬಡಾವಣೆಯ ಹೆಂಗಸರಿಗೆ ಪಂಚಮಿಗೆ ಹುತ್ತ ಇಲ್ಲದಂತಾಯಿತು. ವಿಶಾಲಾಕ್ಷಮ್ಮನವರ ಹಿತ್ತಲಿನಲ್ಲಿ ಮಂಡಿಯಿಂದ ತಂದು ಸುರಿದ ತೆಂಗಿನ ಸಿಪ್ಪೆಯ ರಾಶಿ. ಅದರ ಬುಡದಲ್ಲಿ ಗೇಣುದ್ದದ ಒಂದು ಹುತ್ತ ಎದ್ದಿತು. ಆಕೆ ಹಿಗ್ಗಿ ಹೀರೇಕಾಯಿಯಾದರು. "ನಾಗಪ್ಪ ಅಲ್ಲಿಂದ ನೊಂದು ನಮ್ಮನೆಗೆ ಬಂದ" ಎಂದು ಸಾರಿಕೊಂಡು, ಸುತ್ತ ಕಟ್ಟೆ ಕಟ್ಟಿಸಿ, ಅರಿಶಿನದ ನೀರು, ಹಾಲು ಎರೆದೂ ಎರೆದೂ ಅದನ್ನು ಸಾಕಿದರು. ಈಗ ಪಂಚಮಿಯ ಸಾಲು ಅವರ ಮಹಡಿಮನೆಯ ಹಿಂದೆ. ಮಲ್ಲಿಕಾಂಬನವರಿಗೆ ಕರೆಯಿಲ್ಲ. ಒಬ್ಬಳು ಹೆಂಗಸು ಹಾರೆ ಹಿಡಿದು ತೋರಿಸಿಕೊಟ್ಟ ಮೇಲೂ ಇವರು ಮತ್ತೆ ಅದೇ ಹುಳಕ್ಕೆ ಹಾಲು ಹೊಯ್ದರಲ್ಲ, ಅದನ್ನು ನೆನೆದರೆ ಈಗಲೂ ನನ್ನ ತಲೆ ಬಿಸಿಯಾಗುತ್ತದೆ.

ಎಂಬತ್ತರ ದಶಕದ ಮಧ್ಯದ ಹೊತ್ತಿಗೆ ಆ ಹುತ್ತ ಆಳೆತ್ತರ. ಗೆದ್ದಲು ಮಹಡಿ ಹತ್ತಿತು. ಜಯದೇವಪ್ಪನವರ ಕೊಬ್ಬರಿ ಚೀಲಗಳಿಗೆ ಹತ್ತಿತು. ಮಗನ ಮದುವೆಗೆ ಮಾಡಿಸಿದ ಮಂಚದ ಕಾಲು ಮುರಿದು ಬಿತ್ತು. ಜ್ವರ ಕೇಳಲು ಹೋದ ನನಗೆ ಅವರ ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆಗಳು ಕಾಣುತ್ತಿದ್ದವು. ನಾನು ತಾರೀಖು ಮಾತ್ರ ಬರೆದು ಬಂದೆ.

ಒಂದು ಶುಕ್ರವಾರ ನಾನು ಮಲ್ಲಿಕಾಂಬನವರ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ, ಹಿತ್ತಲಿನ ಬಾಗಿಲ ಹತ್ತಿರ ಯಾರೋ ಮೆಲ್ಲಗೆ ಕರೆದರು. ವಿಶಾಲಾಕ್ಷಮ್ಮ. ಮುಂದಿನ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಬಂದಿದ್ದರು. ಹಿತ್ತಲಿನಲ್ಲೇ ನಿಂತು ಆ ಮಾತು ಈ ಮಾತು ಆಡಿ, ಕೊನೆಗೆ ವಿಷಯಕ್ಕೆ ಬಂದರು.

"ಅದೇ, ನಮ್ಮ ಹಿತ್ಲು ಹುತ್ತ ಕಣೇ. ಮನೆ ಎಲ್ಲಾ ಹಾಳಾಗೋಯ್ತು. ನೀನೊಂದ್ಸಲ ಬಂದು ಒಡೆದುಕೊಟ್ಟು ಹೋಗೇ. ಹೆಂಗಿದ್ರೂ ನಿಂಗೆ ದೋಷ ತಟ್ಟಿಯೇ ಐತಲ್ಲ, ಹೊಸದಾಗಿ ಇನ್ನೇನೂ ತಟ್ಟಲ್ಲ."

ಓಂಕಾರಮೂರ್ತಿ ನನಗೆ ಹೇಳಿದ್ದ ಮಾತೇ ಅದು, ಬಾಯಿ ಮಾತ್ರ ಬೇರೆ. ಮಲ್ಲಿಕಾಂಬ ಈಗ ಬಾಯಿ ತೆಗೆದು ಬಯ್ಯುತ್ತಾರೆ ಎಂದು ನಾನು ಕಾದೆ. ಬಯ್ಯಲಿ ಎಂದು ಬಯಸಿದೆ. ಅವರು ಬಹಳ ಮೆತ್ತಗೆ, "ಹಿತ್ಲಲ್ಲಿ ನಿಂತು ಕೇಳೋ ಮಾತಾ ಅಕ್ಕಾ ಇದು? ಮುಂದಿನ ಬಾಗ್ಲಿಂದ ಒಳಗೆ ಬನ್ನಿ. ಶುಕ್ರವಾರ ಬಂದಿದೀರಿ, ಕುಂಕುಮ ತಗೊಂಡು, ಒಂದ್ಲೋಟ ಕಾಫಿ ಕುಡೀರಿ. ಆಮೇಲೆ ಹೇಳ್ತೀನಿ" ಅಂದರು.

ವಿಶಾಲಾಕ್ಷಮ್ಮ ಮುಂದಿನ ಬಾಗಿಲಿಗೆ ಸುತ್ತಿ ಬಂದು ಹೊಸಿಲ ಮೇಲೆ ನಿಂತರು. ಹಜಾರದಲ್ಲಿ ಲೋಟ ಹಿಡಿದು ಕೂತ ನನ್ನನ್ನು ನೋಡಿದರು. ಎಂದಿನಂತಾದರೆ ನಾನು ಎದ್ದು ನಿಲ್ಲಬೇಕಿತ್ತು. ಮಲ್ಲಿಕಾಂಬ ನನ್ನ ಕಡೆ ತಿರುಗಿ, "ಕೂತ್ಕೋ ಪುಟ್ಟಯ್ಯ" ಅಂದರು. ಕೂತೇ ಇದ್ದೆ. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದು ಗಳಿಗೆ ಒದ್ದಾಡಿದರು. ಹೋಗಿಬಿಡುತ್ತಾರೆ ಎಂದುಕೊಂಡೆ. ಆದರೆ ಅವರ ಮನೆ ಕಣ್ಣೆದುರೇ ಪುಡಿಯಾಗುತ್ತಿತ್ತು. ಕಾಲು ಒಳಗಿಟ್ಟರು.

ಮಲ್ಲಿಕಾಂಬ ಚಾಪೆ ಹಾಸಿದರು. ಕಾಫಿ ತಂದುಕೊಟ್ಟರು, ಜೊತೆಗೆ ಎರಡು ಕೋಡುಬಳೆ. ವಿಶಾಲಾಕ್ಷಮ್ಮ ಕಷ್ಟಪಟ್ಟು ಒಂದನ್ನು ತಿಂದರು, ಕಾಫಿ ಕುಡಿದರು. ಮಲ್ಲಿಕಾಂಬ ಬಟ್ಟಲು ತಂದು, ತಮ್ಮ ಕೈಯಿಂದಲೇ ಅವರ ಕೆನ್ನೆಗೆ ಅರಿಶಿನ ಸವರಿ, ಹಣೆಗೆ ಕಾಸಿನಗಲ ಕುಂಕುಮ ಇಟ್ಟು, ತಲೆಗೆ ಹೂ ಮುಡಿಸಿದರು. ಎಷ್ಟೋ ವರ್ಷಗಳ ಮೇಲೆ ಆ ಬಟ್ಟಲಿನಿಂದ ಹೊರಗಿನವರೊಬ್ಬರ ಹಣೆಗೆ ಕುಂಕುಮ ಹೋಯಿತು.

"ಹಂಗಾದ್ರೆ ಯಾವಾಗ ಬತ್ತೀಯೇ?" ವಿಶಾಲಾಕ್ಷಮ್ಮ ಕೇಳಿದರು.

"ನಾನ್ಯಾಕೆ ಬರ್ಲಿ ಅಕ್ಕಾ?" ಮಲ್ಲಿಕಾಂಬನವರ ಧ್ವನಿ ಆಗ ಏರಿತು, ಮನೆಯೆಲ್ಲ ಕೇಳುವಂತೆ, ರಸ್ತೆಗೂ ಕೇಳುವಂತೆ. "ನನ್ನ ಮನೆ ಹೊಸಿಲು ದಾಟಿದ್ರಿ. ನನ್ನ ಮನೇಲಿ ಕೂತು ತಿಂದ್ರಿ. ನನ್ನ ಕೈಯಾರೆ ಕುಂಕುಮ ಇಡಿಸ್ಕೊಂಡ್ರಿ. ಇಷ್ಟು ವರ್ಷ ನೀವೆಲ್ಲಾ ಹೆದರ್ಕೊಂಡು ದೂರ ಇದ್ರಲ್ಲ, ಆ ದೋಷ ಈಗ ನಿಮಗೂ ತಟ್ಟಿದೆ. ಹೊಸದಾಗಿ ಇನ್ನೇನೂ ತಟ್ಟಲ್ಲ. ಹೋಗಿ, ನಿಮ್ಮ ಹುತ್ತ ನೀವೇ ಒಡ್ಕೊಳಿ."

ವಿಶಾಲಾಕ್ಷಮ್ಮನವರ ಕೈ ತಾನಾಗಿ ಹಣೆಯ ಹತ್ತಿರ ಹೋಯಿತು. ಅಲ್ಲಿಯೇ ನಿಂತಿತು. ಮುತ್ತೈದೆಯಾದವಳು ಶುಕ್ರವಾರದ ದಿನ ಇಡಿಸಿಕೊಂಡ ಕುಂಕುಮವನ್ನು ತನ್ನ ಕೈಯಾರೆ ಒರೆಸಿಕೊಳ್ಳುವಂತಿಲ್ಲ. ಅದನ್ನು ಹಾಗೆಯೇ ಹೊತ್ತುಕೊಂಡು, ಮುಂದಿನ ಬಾಗಿಲಿನಿಂದ, ಬಡಾವಣೆಯ ಹೆಂಗಸರೆಲ್ಲ ಜಗಲಿಯ ಮೇಲೆ ಕೂತು ನೋಡುತ್ತಿದ್ದ ರಸ್ತೆಯಲ್ಲಿ ಅವರು ಮನೆಗೆ ನಡೆದುಹೋದರು.